ಬ್ರುಸೆಲ್ಲಾ ಬೆನ್ನುಮೂಳೆ ಸೋಂಕು

ಜಾನುವಾರುಗಳಿಂದ ಮನುಷ್ಯರಿಗೆ ತಗಲುವ ಬ್ರುಸೆಲ್ಲೋಸಿಸ್ ರೋಗದ ಬ್ರುಸೆಲ್ಲಾ ಬ್ಯಾಕ್ಟೀರಿಯಾಗಳು ರಕ್ತದ ಮೂಲಕ ಬೆನ್ನುಮೂಳೆಗೆ, ಹೆಚ್ಚಾಗಿ ಸೊಂಟದ ಕಶೇರುಕಗಳಿಗೆ, ಸೇರಿ ಉಂಟುಮಾಡುವ ಸೋಂಕು. ಕಾಯಿಸದ ಹಾಲು, ಅದರಿಂದ ಮಾಡಿದ ಚೀಸ್, ಕಂದು ಹಾಕಿದ ಪಶುವಿನ ಮಾಸು ಮತ್ತು ಸ್ರಾವಗಳಿಂದ ರೋಗ ಬರುತ್ತದೆ. ಕನ್ನಡದಲ್ಲಿ ಬ್ರುಸೆಲ್ಲೋಸಿಸ್‌ಗೆ ಕಂದುರೋಗವೆಂಬ ಹೆಸರಿದೆ.

ರೋಗ ಹಳೆಯದು. ಅಲ್ಬೇನಿಯಾದ ಬುಟ್ರಿಂಟ್‌ನಲ್ಲಿ ದೊರೆತ ಮಧ್ಯಯುಗದ ಅಸ್ಥಿಪಂಜರಗಳ ಕಶೇರುಕಗಳು ಸವೆದಿದ್ದವು. ಮೊದಲು ಕ್ಷಯವೆಂದು ಶಂಕಿಸಲಾಗಿದ್ದ ಆ ಮೂಳೆಗಳಲ್ಲಿ ಬ್ರುಸೆಲ್ಲಾದ ಡಿಎನ್‌ಎ ಸಿಕ್ಕಿತು. ಕ್ಷಯದೊಂದಿಗಿನ ಈ ಗೊಂದಲ ಇಂದಿಗೂ ವೈದ್ಯರನ್ನು ಕಾಡುತ್ತಿದೆ.

ಈ ರೋಗದ ಮೂಲ ಪತ್ತೆಯಾದದ್ದು ಮಾಲ್ಟಾ ದ್ವೀಪದಲ್ಲಿ. ಅಲ್ಲಿ ಬ್ರಿಟಿಷ್ ಸೈನಿಕರು ಬಿಟ್ಟುಬಿಟ್ಟು ಬರುವ ಜ್ವರದಿಂದ ನರಳುತ್ತಿದ್ದರು. ಸತ್ತವರ ಗುಲ್ಮದಿಂದ ಸೇನಾ ವೈದ್ಯ ಡೇವಿಡ್ ಬ್ರೂಸ್ ಬೇರ್ಪಡಿಸಿದ ರೋಗಾಣುವಿನ ವಿವರ 1887ರಲ್ಲಿ ಪ್ರಕಟವಾಯಿತು. ಅದು ಎಲ್ಲಿಂದ ಬರುತ್ತದೆಂದು ತಿಳಿಯಲು ಮತ್ತೆ ಹದಿನೆಂಟು ವರ್ಷ ಬೇಕಾಯಿತು. 1905ರಲ್ಲಿ ಮಾಲ್ಟಾದವರೇ ಆದ ಥೆಮಿಸ್ಟೊಕ್ಲಿಸ್ ಜಾಮಿಟ್, ನೋಡಲು ಆರೋಗ್ಯವಾಗಿದ್ದ ಮೇಕೆಗಳ ರಕ್ತದಲ್ಲಿ ಅದನ್ನು ಕಂಡರು. ಮರುವರ್ಷ ಸೇನೆಯಲ್ಲಿ ಮೇಕೆ ಹಾಲು ನಿಲ್ಲಿಸಿದೊಡನೆ ಜ್ವರ ಇಳಿಮುಖವಾಯಿತು. ರೋಗಾಣುವಿನ ಕುಲಕ್ಕೆ ಬ್ರೂಸ್ ಹೆಸರು ಉಳಿದಿದೆ. ಜನರನ್ನು ಉಳಿಸಿದ ಶೋಧ ಮಾತ್ರ ಜಾಮಿಟ್ ಅವರದು. ದನಗಳಲ್ಲಿ ಕಂದು ಹಾಕಿಸುವ ರೋಗಾಣುವನ್ನು ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬ್ಯಾಂಗ್ ಆಗಲೇ ಗುರುತಿಸಿದ್ದರು. ಇವೆರಡೂ ಹತ್ತಿರದ ಸಂಬಂಧಿಗಳೆಂದು 1918ರಲ್ಲಿ ತೋರಿಸಿದವರು ಅಮೆರಿಕದ ಆಲಿಸ್ ಇವಾನ್ಸ್. ಹಸುವಿನ ಹಾಲನ್ನೂ ಕಾಯಿಸಿಯೇ ಕುಡಿಯಬೇಕೆಂಬ ಅವರ ಮಾತಿಗೆ ಬಹುಕಾಲ ಮನ್ನಣೆ ಸಿಗಲಿಲ್ಲ.

ಕಶೇರುಕದ ಮುಂಭಾಗದ ಮೇಲಂಚು ಸವೆಯುವುದು ಎಕ್ಸ್‌ರೇಯಲ್ಲಿ ಈ ಸೋಂಕಿನ ಸುಳಿವು. ಬಾರ್ಸಿಲೋನಾದ ವೈದ್ಯ ಪೆಡ್ರೊ ಪೋನ್ಸ್ ಹೆಸರಿನಲ್ಲಿ ಅದು ಪ್ರಸಿದ್ಧ. ಕ್ಷಯ ಸಾಮಾನ್ಯವಾಗಿ ಎದೆಭಾಗದ ಕಶೇರುಕಗಳನ್ನು ಕುಸಿಸಿ ಗೂನು ತರುತ್ತದೆ. ಬ್ರುಸೆಲ್ಲಾ ಸೋಂಕಿನಲ್ಲಿ ಗೂನು ಅಪರೂಪ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಸ್ಟ್ರೆಪ್ಟೊಮೈಸಿನ್ ಬ್ರುಸೆಲ್ಲಾದ ಮೇಲೂ ಕೆಲಸ ಮಾಡುವುದರಿಂದ ತಪ್ಪು ನಿರ್ಣಯ ಬೇಗ ಬಯಲಾಗುವುದಿಲ್ಲ. ಸಾಮಾನ್ಯ ಬ್ರುಸೆಲ್ಲೋಸಿಸ್‌ಗೆ ಆರು ವಾರ ಔಷಧ ಸಾಕಾದರೆ, ಬೆನ್ನುಮೂಳೆಗೆ ತಗಲಿದಾಗ ಡಾಕ್ಸಿಸೈಕ್ಲಿನ್‌ನೊಡನೆ ಇನ್ನೊಂದು ಔಷಧವನ್ನು ಸೇರಿಸಿ ಕನಿಷ್ಠ ಮೂರು ತಿಂಗಳು ಕೊಡುವುದು ರೂಢಿ.

ಭಾರತದಲ್ಲಿ 2019ರಿಂದ 4–8 ತಿಂಗಳ ಹೆಣ್ಣು ಕರುಗಳಿಗೆ ರಾಷ್ಟ್ರೀಯ ಕಾರ್ಯಕ್ರಮದಡಿ ಈ ರೋಗದ ವಿರುದ್ಧ ಲಸಿಕೆ ಹಾಕಲಾಗುತ್ತಿದೆ. ಮನುಷ್ಯರಿಗೆ ಇಲ್ಲಿ ಲಸಿಕೆಯಿಲ್ಲ. ಆದ್ದರಿಂದ ದನ, ಕುರಿ ಸಾಕುವವರಿಗೆ ವಾರಗಟ್ಟಲೆ ಜ್ವರ, ಬೆವರಿನೊಂದಿಗೆ ಸೊಂಟನೋವು ಇದ್ದರೆ, ಕೊಟ್ಟಿಗೆಯ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಬೇಕು.