ಸಂಗೀತ ಶಿಕ್ಷಕರ ದೂರಶಿಕ್ಷಣ: ಪಠ್ಯಕ್ರಮ ರಚನೆ

ಶಾಲೆಯಲ್ಲಿ ಸಂಗೀತ ಕಲಿಸುವವರನ್ನು ಅಂಚೆ, ಬಾನುಲಿ, ಉಪಗ್ರಹ, ಅಂತರ್ಜಾಲಗಳ ಮೂಲಕ ಸಿದ್ಧಗೊಳಿಸುವ ಕ್ರಮವೇ ಸಂಗೀತ ಶಿಕ್ಷಕರ ದೂರಶಿಕ್ಷಣ. ಕರ್ನಾಟಕದಲ್ಲಿ ಇದಕ್ಕೆ ಬೇಕಾದ ವಾಹಕಗಳಿಗೆ ಬರವಿಲ್ಲ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ತೆರೆದ ಅಂಚೆ ಮತ್ತು ತೆರಪಿನ ಶಿಕ್ಷಣ ಸಂಸ್ಥೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. 2004ರಲ್ಲಿ ಹಾರಿದ ಎಜುಸ್ಯಾಟ್ ಉಪಗ್ರಹ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಪಾಠ ಮುಟ್ಟಿಸಿತು. ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ ಕರ್ನಾಟಕ ಮತ್ತು ಹಿಂದೂಸ್ತಾನಿ ಸಂಗೀತಗಳೆರಡರಲ್ಲೂ ಸರ್ಟಿಫಿಕೇಟ್ ಕೋರ್ಸುಗಳನ್ನು ರೂಪಿಸಿತು. ಕೊರತೆಯಿರುವುದು ಪಾಠ ತಲುಪಿಸುವ ದಾರಿಯಲ್ಲಲ್ಲ, ಹಾಡಬಲ್ಲವರನ್ನು ಕಲಿಸಬಲ್ಲವರನ್ನಾಗಿ ಮಾಡುವ ಪಠ್ಯದಲ್ಲಿ.

ದೂರದಿಂದ ಸಂಗೀತ ಕಲಿಯುವುದು ನಮಗೆ ಹೊಸತೇನಲ್ಲ. ವಿಷ್ಣು ದಿಗಂಬರ ಪಲುಸ್ಕರ್ 1901ರಲ್ಲಿ ಲಾಹೋರಿನಲ್ಲಿ ಸ್ಥಾಪಿಸಿದ ಗಾಂಧರ್ವ ಮಹಾವಿದ್ಯಾಲಯದ ಪರಂಪರೆಯಿಂದ ಬಂದ ಪ್ರವೇಶಿಕಾ, ಮಧ್ಯಮಾ, ವಿಶಾರದ ಪರೀಕ್ಷೆಗಳಿಗೂ, ರಾಜ್ಯದ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ದಶಕಗಳ ಕಾಲ ನಡೆಸಿದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಿಗೂ ಊರೂರುಗಳಲ್ಲಿ ಮಕ್ಕಳು ಕೂತಿದ್ದಾರೆ. ಪಠ್ಯ ಗೊತ್ತುಮಾಡುವವರು ಒಂದು ಕಡೆ, ಪರೀಕ್ಷಕರು ಇನ್ನೊಂದು ಕಡೆ, ಗುರು ಮಾತ್ರ ಊರಲ್ಲೇ. ಈ ಏರ್ಪಾಟು ಉಳಿದು ಬಂದದ್ದು ಆ ಸ್ಥಳೀಯ ಗುರುವಿನಿಂದ. ಆದರೆ ಅದು ಅಳೆದದ್ದು ಅಭ್ಯರ್ಥಿಯ ಹಾಡುಗಾರಿಕೆಯನ್ನು, ಶಾಸ್ತ್ರಜ್ಞಾನವನ್ನು. ನಲವತ್ತು ಮಕ್ಕಳ ನಡುವೆ ಶ್ರುತಿ ತಪ್ಪಿದ ದನಿಯನ್ನು ಗುರುತಿಸಿ, ನೋಯಿಸದೆ ತಿದ್ದುವ ವಿದ್ಯೆ ಅಲ್ಲಿ ಪರೀಕ್ಷೆಗೆ ಬರಲೇ ಇಲ್ಲ.

ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿಯಂಥ ಹೋಬಳಿಯ ಶಾಲೆಗಳನ್ನು ಮುಂದಿಟ್ಟುಕೊಂಡು ನೋಡಿದರೆ ಪಠ್ಯ ಎಲ್ಲಿಂದ ಶುರುವಾಗಬೇಕೆಂಬುದು ತಿಳಿಯುತ್ತದೆ. ಸಂಗೀತಕ್ಕೇ ಬೇರೆ ಶಿಕ್ಷಕರಿಲ್ಲದ ಕಡೆ ತರಗತಿಯ ಮೇಷ್ಟ್ರೇ ಹಾಡಿಸಬೇಕು. ಶಿಕ್ಷಕಿ ತಮಗೆ ಹಿತವಾದ ಬಿಳಿ ಐದರ (ಹಾರ್ಮೋನಿಯಂನ ಐದನೇ ಬಿಳಿ ಮನೆಯ) ಶ್ರುತಿಯಲ್ಲಿ ಹಾಡಿದರೆ ಎಂಟೊಂಬತ್ತು ವರ್ಷದ ಮಕ್ಕಳಿಗೆ ಷಡ್ಜವೇ ತೀರಾ ಕೆಳಗಾಗುತ್ತದೆ, ಮಂದ್ರಕ್ಕಿಳಿದರೆ ದನಿಯೇ ಹೊರಡದು. ಮೇಷ್ಟ್ರು ಬಿಳಿ ಒಂದರಲ್ಲಿ ಹಾಡಿದಾಗ ಕೆಲವರು ಮೇಲಿನ ಸ್ಥಾಯಿ ಹಿಡಿಯುತ್ತಾರೆ, ಕೆಲವರು ಗಂಟಲು ಒತ್ತುತ್ತಾರೆ. ಮಗುವಿಗೊಪ್ಪುವ ಶ್ರುತಿ ಆರಿಸುವುದೇ ಮೊದಲ ಪಾಠವಾಗಬೇಕು. ಮಾಯಾಮಾಳವಗೌಳ ರಾಗದ ಸರಳೆ, ಜಂಟಿ ವರಸೆಗಳು ಆಮೇಲೆ ಬರಲಿ. ಅದಕ್ಕೂ ಮುನ್ನ ಕೋಲಾಟ, ಸೋಬಾನೆ, ಭಜನೆ, ಗೊಲ್ಲರಹಟ್ಟಿಗಳ ಹಾಡುಗಳಿಂದ ತಾಳ ಹಿಡಿಯುವುದನ್ನು ಕಲಿಸಬಹುದು. ಊರಿನ ಹಾಡನ್ನು ಅನುಬಂಧಕ್ಕೆ ತಳ್ಳುವ ಪಠ್ಯ ಈ ಜಿಲ್ಲೆಗೆ ಒಗ್ಗುವುದಿಲ್ಲ.

ಗುರುಮುಖವಿಲ್ಲದೆ ಸಂಗೀತವಿಲ್ಲ ಎಂಬುದು ಪ್ರಬಲ ಆಕ್ಷೇಪ, ಅದರಲ್ಲಿ ಬಹಳಷ್ಟು ನಿಜವಿದೆ. ವಿಡಿಯೊ ಕರೆಯಲ್ಲಿ ದನಿ ತಡವಾಗಿ ಮುಟ್ಟುವುದರಿಂದ ಇಬ್ಬರೂ ಒಟ್ಟಿಗೆ ತಾಳ ಹಾಕಲಾಗದು. ಇನ್ನೂ ವಿಚಿತ್ರವೆಂದರೆ, ಗದ್ದಲ ತಗ್ಗಿಸುವ ತಂತ್ರಾಂಶ ತಂಬೂರಿಯ ಎಡೆಬಿಡದ ನಾದವನ್ನೂ ಗದ್ದಲವೆಂದೇ ಎಣಿಸಿ ಅಡಗಿಸಿಬಿಡುತ್ತದೆ. ಶ್ರುತಿಯೇ ಕೇಳದ ಮೇಲೆ ತಿದ್ದುವುದೆಂತು? ಆದ್ದರಿಂದ ನೇರ ಪ್ರಸಾರದ ತರಗತಿಯನ್ನು ನೆಚ್ಚದೆ, ಧ್ವನಿಮುದ್ರಣವನ್ನು ನೆಚ್ಚುವುದು ಲೇಸು. ಕಲಿಯುವವರು ತಂಬೂರಿಯನ್ನು ಪಕ್ಕದಲ್ಲೇ ನುಡಿಸಿಕೊಂಡು ಹಾಡಿ ಕಳಿಸಲಿ, ಗುರು ಎರಡು ಮೂರು ಸಲ ಕೇಳಿ, ಗಾಂಧಾರ ಎಲ್ಲಿ ಜಾರಿತೆಂದು ಹಾಡಿ ತೋರಿಸಿ ಮರಳಿಸಲಿ. ನೆಟ್‌ವರ್ಕ್ ಸಿಗದ ಹಳ್ಳಿಗೂ ಈ ಕ್ರಮ ಹೊಂದುತ್ತದೆ, ಏಕೆಂದರೆ ಸಿಗ್ನಲ್ ಸಿಕ್ಕಾಗ ಕಳಿಸಿದರೆ ಸಾಕು. ಹಾಗೆಂದು ಸಂಪರ್ಕ ತರಗತಿಯನ್ನು ಕೈಬಿಡುವಂತಿಲ್ಲ. ಕಂಠದ ಒತ್ತಡ, ಉಸಿರು, ಕೂರುವ ಭಂಗಿ ಎದುರಿನಲ್ಲೇ ಕಾಣಬೇಕು. ಅದಕ್ಕೆ ಮೈಸೂರಿಗೇ ಹೋಗಬೇಕಿಲ್ಲ. ಪಕ್ಕದ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ 1997ರಿಂದ ಶಿವಸಂಚಾರವೆಂಬ ತಿರುಗಾಟದ ರಂಗತಂಡದ ಮೂಲಕ ನಾಟಕಗಳನ್ನು ನಾಡಿನುದ್ದಕ್ಕೂ ಕಳಿಸುತ್ತ ಬಂದಿದೆ, ರಂಗಶಾಲೆಯನ್ನೂ ನಡೆಸುತ್ತಿದೆ. ರಂಗಕಲೆಗೆ ಹಳ್ಳಿಯಲ್ಲಿ ಸಾಧ್ಯವಾದದ್ದು ಸಂಗೀತ ಬೋಧನೆಗೂ ಸಾಧ್ಯ.

ಇಂಥ ಪಠ್ಯದಲ್ಲಿ ಅರ್ಧದಷ್ಟು ಅಂಕಗಳಾದರೂ ಶಿಕ್ಷಕರು ತಮ್ಮದೇ ತರಗತಿಯಲ್ಲಿ ಮಾಡಿದ ಪಾಠದ ಧ್ವನಿಮುದ್ರಣಕ್ಕೆ ಸಲ್ಲಬೇಕು. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಮತ್ತು ಡಾ. ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯಗಳೆರಡೂ ಮೈಸೂರಿನಲ್ಲೇ ಇವೆ. ಒಂದಕ್ಕೆ ದೂರಶಿಕ್ಷಣದ ಅನುಭವವಿದೆ, ಇನ್ನೊಂದಕ್ಕೆ ಸಂಗೀತದ್ದು. ಪಠ್ಯವನ್ನು ಅವೆರಡೂ ಕೂಡಿಯೇ ಬರೆಯಬೇಕು.