ಅಣಕು ಓಟದ ಚರಿತ್ರೆ

ಕಾರವಾರ ತಾಲ್ಲೂಕಿನ ಕೈಗಾದಲ್ಲಿ ಎರಡು ವರ್ಷಕ್ಕೊಮ್ಮೆ ಒಂದು ಸುಳ್ಳು ಅವಘಡ ನಡೆಯಬೇಕು ಅಂತ ನಿಯಮವಿದೆ. ಅಣುಸ್ಥಾವರದಿಂದ ವಿಕಿರಣ ಹೊರಬಿದ್ದಿದೆ ಎಂದು ಕಾಗದದ ಮೇಲೆ ಬರೆದುಕೊಳ್ಳುತ್ತಾರೆ. ಜಿಲ್ಲಾಧಿಕಾರಿಗೆ ಫೋನು ಹೋಗುತ್ತದೆ, ಜೀಪುಗಳು ಓಡುತ್ತವೆ, ಮೈಕಿನಲ್ಲಿ ಕೂಗುತ್ತಾರೆ, ಅಯೋಡಿನ್ ಮಾತ್ರೆಯ ದಾಸ್ತಾನು ಲೆಕ್ಕ ಹಾಕುತ್ತಾರೆ. ಆಮೇಲೆ ಎಲ್ಲರೂ ಮನೆಗೆ. ಪತ್ರಿಕೆಗಳು ಇದನ್ನು ಅಣಕು ಕಾರ್ಯಾಚರಣೆ ಅನ್ನುತ್ತವೆ. ಅಣಕ ಅಂದರೆ ನಮ್ಮ ಕಡೆ ಗೇಲಿ ಅಂತಲೂ ಅರ್ಥ. ಹೆಸರಿಟ್ಟವರು ಯೋಚಿಸಿ ಇಟ್ಟರೋ ಇಲ್ಲವೋ, ಈ ಓಟಕ್ಕೆ ಒಂದು ಚರಿತ್ರೆ ಇದೆ. ಯಾರು ಓಡಬೇಕು, ಯಾರು ಓಡಿಸಬೇಕು, ಓಡಿದ್ದು ಸರಿಯಾಯ್ತೋ ಇಲ್ಲವೋ ಅಂತ ಹೇಳುವ ಹಕ್ಕು ಯಾರದು ಎನ್ನುವ ಚರಿತ್ರೆ.

ಅನುಗೊಂಡನಹಳ್ಳಿಯಲ್ಲಿ ಕೂತ್ಕೊಂಡು ಕೈಗಾದ ಮಾತು ಯಾಕೆ ಅಂತ ಯಾರಾದರೂ ಕೇಳಬಹುದು. ನಮ್ಮ ದೇವನಗೊಂದಿಯಲ್ಲಿ ಪೆಟ್ರೋಲು, ಗ್ಯಾಸಿನ ದೊಡ್ಡ ದಾಸ್ತಾನಿದೆ. ಮಂಗಳೂರಿನಿಂದ ಹಾಸನದ ಮೇಲೆ ಬರುವ 362 ಕಿ.ಮೀ. ಉದ್ದದ ಎಣ್ಣೆ ಕೊಳವೆ ಬಂದು ಮುಟ್ಟುವುದು ಅಲ್ಲಿಗೇ. ಅದು ಅಣು ಅಲ್ಲ, ನಿಜ. ಆದರೆ ಸೈರನ್ ಕೂಗಿದಾಗ ಕೇರಿಯವರು ಯಾವ ದಿಕ್ಕಿಗೆ ಓಡಬೇಕು ಅನ್ನೋ ಪ್ರಶ್ನೆ ಎರಡೂ ಕಡೆ ಒಂದೇ.

ಅಮೆರಿಕದಲ್ಲಿ ಈ ಅಭ್ಯಾಸಕ್ಕೆ ಗಟ್ಟಿ ಕಾಯಿದೆ ಬಂದದ್ದು ಪೆಟ್ಟು ತಿಂದ ಮೇಲೆ. 1979ರ ಮಾರ್ಚ್ 28ರಂದು ತ್ರೀ ಮೈಲ್ ಐಲೆಂಡ್ ಸ್ಥಾವರದ ಒಲೆ ಅರೆಬರೆ ಕರಗಿತು. ಎರಡು ದಿನ ಬಿಟ್ಟು ಗವರ್ನರ್, ಗರ್ಭಿಣಿಯರು ಮತ್ತು ಚಿಕ್ಕ ಮಕ್ಕಳು ಮಾತ್ರ ಹೊರಡಿ ಅಂದ. ಆದರೆ ಸುಮಾರು 1,40,000 ಜನ ಗಂಟುಮೂಟೆ ಕಟ್ಟಿಕೊಂಡು ಹೊರಟೇಬಿಟ್ಟರು. ಸರ್ಕಾರದ ಮಾತನ್ನು ಜನ ನಂಬದಿದ್ದರೆ ಯೋಜನೆ ಬರೀ ಕಾಗದ ಎಂದು ಆಗ ಗೊತ್ತಾಯಿತು. 1980ರಲ್ಲಿ ಹೊಸ ನಿಯಮ ಬಂತು: ಸುತ್ತ ಹತ್ತು ಮೈಲಿ, ಅಂದರೆ 16 ಕಿ.ಮೀ. ಒಳಗಿನ ಜನರನ್ನು ಕಾಪಾಡುವ ಯೋಜನೆ ಇರಬೇಕು, ಅದನ್ನು ಅಭ್ಯಾಸ ಮಾಡಿ ತೋರಿಸಬೇಕು, ಇಲ್ಲದಿದ್ದರೆ ಲೈಸೆನ್ಸ್ ಇಲ್ಲ.

ಈ ನಿಯಮದಿಂದ ಮಾಲೀಕರು ಎಣಿಸದ ಒಂದು ಸಂಗತಿ ನಡೆಯಿತು. ನ್ಯೂಯಾರ್ಕಿನ ಪಕ್ಕ ಶೋರ್‌ಹ್ಯಾಮ್ ಎಂಬಲ್ಲಿ ಒಂದು ಸ್ಥಾವರ ಏಳುತ್ತಿತ್ತು. 1983ರಲ್ಲಿ ಅಲ್ಲಿನ ಸಫೋಕ್ ಕೌಂಟಿಯ ಸಭೆ, ಅಂದರೆ ನಮ್ಮ ಜಿಲ್ಲಾ ಪರಿಷತ್ತಿನಂಥದು, ಲೆಕ್ಕ ಹಾಕಿ ನೋಡಿ, ಈ ಉದ್ದನೆಯ ದ್ವೀಪದಿಂದ ಜನರನ್ನು ಸಾಗಿಸುವುದು ಸಾಧ್ಯವೇ ಇಲ್ಲ, ನಾವು ಯೋಜನೆಗೆ ಸಹಿ ಹಾಕುವುದಿಲ್ಲ ಎಂದುಬಿಟ್ಟಿತು. 1986ರಲ್ಲಿ ಕೌಂಟಿಯವರನ್ನು ಬಿಟ್ಟೇ ಅಭ್ಯಾಸ ನಡೆಸಿದರು. 1987ರಲ್ಲಿ ನಿಯಮವನ್ನೇ ಕಂಪನಿಗೆ ಅನುಕೂಲವಾಗುವಂತೆ ತಿದ್ದಿದರು. ಆದರೂ 1989ರಲ್ಲಿ ರಾಜ್ಯದ ಜೊತೆ ಒಪ್ಪಂದವಾಗಿ, ಕೋಟಿಗಟ್ಟಲೆ ಡಾಲರು ಸುರಿದ ಆ ಸ್ಥಾವರ ಒಂದೇ ಒಂದು ಡಾಲರಿಗೆ ಕೈ ಬದಲಾಯಿಸಿತು, ವ್ಯಾಪಾರಕ್ಕೆ ಒಂದು ದಿನವೂ ಕರೆಂಟು ಕೊಡಲಿಲ್ಲ. ಓಡುವ ಅಭ್ಯಾಸಕ್ಕೆ ನಾವು ಬರೋದಿಲ್ಲ ಅಂತ ಊರಿನವರು ಹೇಳುವ ಹಕ್ಕಿಗೆ ಅಷ್ಟು ಬಲವಿತ್ತು.

ನಮ್ಮಲ್ಲಿ ಆ ಹಕ್ಕು ಯಾರ ಕೈಲಿತ್ತು? ತಾರಾಪುರ 1969ರಲ್ಲಿ ಶುರುವಾಯಿತು. ಅಣುಶಕ್ತಿ ನಿಯಂತ್ರಣ ಮಂಡಳಿ ಹುಟ್ಟಿದ್ದು 1983ರ ನವೆಂಬರ್ 15ರಂದು. ಅಲ್ಲಿವರೆಗೆ ಸ್ಥಾವರ ನಡೆಸುವ ಇಲಾಖೆಯೇ ತನ್ನ ತಪ್ಪು ತಾನೇ ಹುಡುಕಬೇಕಿತ್ತು. ಮಂಡಳಿ ಬಂದ ಮೇಲೂ ಅದು ವರದಿ ಒಪ್ಪಿಸಬೇಕಾದದ್ದು ಅಣುಶಕ್ತಿ ಆಯೋಗಕ್ಕೆ. ಆಯೋಗದ ಅಧ್ಯಕ್ಷರೇ ಇಲಾಖೆಯ ಕಾರ್ಯದರ್ಶಿ. ಗೌಡರ ಮನೆ ಆಳು ಗೌಡರ ಮೇಲೆ ಪಂಚಾಯ್ತಿ ಮಾಡಿದ ಹಾಗೆ. ಮಂಡಳಿ ಹುಟ್ಟಿದ ಒಂದು ವರ್ಷಕ್ಕೆ ಭೋಪಾಲ್, 1984ರ ಡಿಸೆಂಬರ್ 2ರ ರಾತ್ರಿ. ಊರಿಗೆ ಕೇಳುವ ಸೈರನ್ನನ್ನು ಸ್ವಲ್ಪ ಹೊತ್ತು ಕೂಗಿಸಿ ನಿಲ್ಲಿಸಿದರು. ಒದ್ದೆ ಬಟ್ಟೆ ಮುಖಕ್ಕೆ ಹಿಡಿದುಕೊಳ್ಳಿ ಎಂಬ ಒಂದು ಮಾತನ್ನು ಕಾರ್ಖಾನೆ ಗೋಡೆಯ ಪಕ್ಕದ ಗುಡಿಸಲಿನವರಿಗೆ ಮುಂಚೆ ಯಾರೂ ಹೇಳಿರಲಿಲ್ಲ.

ಮಂಡಳಿ ಅವಘಡಗಳನ್ನು ಮೂರು ಮೆಟ್ಟಿಲು ಮಾಡಿತು: ಸ್ಥಾವರದ ಒಳಗಿನದು, ಆವರಣದೊಳಗಿನದು, ಆವರಣ ದಾಟಿದ್ದು. ಮೊದಲನೆಯದರ ಅಭ್ಯಾಸ ಮೂರು ತಿಂಗಳಿಗೊಮ್ಮೆ, ಎರಡನೆಯದು ವರ್ಷಕ್ಕೊಮ್ಮೆ, ಮೂರನೆಯದು ಎರಡು ವರ್ಷಕ್ಕೊಮ್ಮೆ. ಜನಕ್ಕೆ ಹತ್ತಿರವಾದಷ್ಟೂ ಅಭ್ಯಾಸ ಅಪರೂಪವಾಗುವುದನ್ನು ಗಮನಿಸಿ. ನೆಲವನ್ನೂ ಸುತ್ತುಗಳಾಗಿ ಹಂಚಿದರು. ಒಳಸುತ್ತಿನಲ್ಲಿ ಯಾರೂ ವಾಸಿಸುವಂತಿಲ್ಲ, 5 ಕಿ.ಮೀ. ತನಕ ಜನ ಹೆಚ್ಚಾಗದಂತೆ ನೋಡಿಕೊಳ್ಳಬೇಕು, 16 ಕಿ.ಮೀ. ತನಕ ತುರ್ತು ಯೋಜನೆ. ನಡುವಿನ ಸುತ್ತಿಗೆ ಆಗ ಸ್ಟೆರಿಲೈಸ್ಡ್ ಝೋನ್ ಎಂದು ಹೆಸರಿಟ್ಟಿದ್ದರು. 1975ರ ತುರ್ತು ಪರಿಸ್ಥಿತಿ ಕಂಡ ನಮ್ಮ ಹಿರಿಯರಿಗೆ ಈ ಎರಡು ಪದ ಒಟ್ಟಿಗೆ ಕೇಳಿದರೆ ಬೇರೇನೋ ನೆನಪಾಗುತ್ತದೆ, ಆ ಮಾತು ಬಿಡಿ.

ಕೈಗಾದ ವಿಷಯದಲ್ಲಿ ಜನ ಸುಮ್ಮನಿರಲಿಲ್ಲ. ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ, 1989ರ ಲೋಕಸಭಾ ಚುನಾವಣೆಗೆ ಇದೇ ವಿಷಯ ಇಟ್ಟುಕೊಂಡು ನಿಂತು ಸೋತರು. 1994ರ ಮೇ 13ರಂದು ಕಟ್ಟುತ್ತಿದ್ದ ಮೊದಲ ಘಟಕದ ಒಳಗುಮ್ಮಟದ ಕಾಂಕ್ರೀಟು ಕಳಚಿ ಬಿತ್ತು, ಗಾಯಗೊಂಡವರು ಕೆಲಸದಾಳುಗಳು. ಅದೃಷ್ಟಕ್ಕೆ ಒಳಗೆ ಇಂಧನ ಇರಲಿಲ್ಲ. 2000ದಲ್ಲಿ ಎರಡು ಘಟಕ, 2007ರಲ್ಲಿ ಮೂರನೆಯದು, 2011ರಲ್ಲಿ ನಾಲ್ಕನೆಯದು ಕರೆಂಟು ಕೊಡತೊಡಗಿದವು. 2009ರ ನವೆಂಬರಿನಲ್ಲಿ ಕುಡಿಯುವ ನೀರಿನ ಕೂಲರಿಗೆ ಯಾರೋ ಟ್ರಿಶಿಯಂ ಬೆರೆಸಿದ್ದರು. 50ಕ್ಕೂ ಹೆಚ್ಚು ಕೆಲಸಗಾರರ ಮೈಗೆ ಅದು ಸೇರಿದ್ದು ಮೂತ್ರ ಪರೀಕ್ಷೆಯಲ್ಲಿ ತಿಳಿಯಿತು. ಯಾವ ಅಣಕು ಕಾರ್ಯಾಚರಣೆಯ ನಾಟಕದಲ್ಲಾದರೂ ಕೂಲರಿನ ಪಾತ್ರ ಬರುತ್ತದೆಯೇ?

2011ರ ಮಾರ್ಚಿನಲ್ಲಿ ಫುಕುಷಿಮಾ. ಅಭ್ಯಾಸಕ್ಕೆ ಹೆಸರಾದ ದೇಶ. ಅವಘಡ ನಿಭಾಯಿಸಲೆಂದೇ 5 ಕಿ.ಮೀ. ದೂರದಲ್ಲಿ ಕಟ್ಟಿದ್ದ ಕೇಂದ್ರವೇ ಕರೆಂಟಿಲ್ಲದೆ, ವಿಕಿರಣಕ್ಕೆ ಸಿಕ್ಕಿ ಕೆಲಸಕ್ಕೆ ಬಾರದಾಯಿತು. ತೆರವಿನ ಸುತ್ತು ಒಂದು ದಿನದಲ್ಲಿ 3 ಕಿ.ಮೀ.ನಿಂದ 20ಕ್ಕೆ ಹಿಗ್ಗಿತು, ನಮ್ಮ 16ನ್ನು ದಾಟಿ. ಫುತಾಬಾ ಆಸ್ಪತ್ರೆಯ ಹತ್ತಾರು ವೃದ್ಧ ರೋಗಿಗಳು ಸತ್ತದ್ದು ವಿಕಿರಣದಿಂದಲ್ಲ, ಸಾಗಿಸುವಾಗಿನ ಗೊಂದಲದಿಂದ.

ಮರುವರ್ಷ ನಮ್ಮ ಮಹಾಲೇಖಪಾಲರು ಸಂಸತ್ತಿಗೆ ಕೊಟ್ಟ ವರದಿಯನ್ನು ಪ್ರತಿ ಹಳ್ಳಿ ಮೇಷ್ಟ್ರು ಓದಬೇಕು. ಆವರಣ ದಾಟುವ ಅವಘಡಕ್ಕೆ ನಮ್ಮ ಸಿದ್ಧತೆ ಸಾಲದು ಎಂಬುದನ್ನು ಅಭ್ಯಾಸಗಳೇ ತೋರಿಸಿವೆ ಎಂದು ಅದರಲ್ಲಿದೆ. ಕೊರತೆ ಪಟ್ಟಿ ಮಾಡಬಲ್ಲ ಮಂಡಳಿಗೆ ಅದನ್ನು ಸರಿಪಡಿಸಿಯೇ ತೀರಿ ಎಂದು ಕಟ್ಟುಮಾಡುವ ಅಧಿಕಾರವಿಲ್ಲ ಎಂದೂ ಇದೆ. ಕೆಲವು ತಪ್ಪುಗಳಿಗೆ ಗರಿಷ್ಠ ದಂಡ 500 ರೂಪಾಯಿ! ಮಂಡಳಿಯನ್ನು ಸ್ವತಂತ್ರ ಮಾಡುವ 2011ರ ಮಸೂದೆ 2014ರಲ್ಲಿ ಲೋಕಸಭೆಯ ಜೊತೆಗೇ ಸತ್ತಿತು. 2025ರ ಡಿಸೆಂಬರಿನಲ್ಲಿ 1962ರ ಅಣುಶಕ್ತಿ ಕಾಯಿದೆಯ ಜಾಗಕ್ಕೆ ಶಾಂತಿ ಎಂಬ ಹೆಸರಿನ ಹೊಸ ಕಾಯಿದೆ ಪಾಸಾಯಿತು. ಮಂಡಳಿಗೆ ಶಾಸನದ ಸ್ಥಾನ ಸಿಕ್ಕಿತು, ಅದೇ ಬಾಗಿಲಿನಿಂದ ಖಾಸಗಿ ಬಂಡವಾಳವೂ ಒಳಗೆ ಬಂತು.

ಈಗ ಮೈಕಿನಲ್ಲಿ ಕೂಗುವ ಮಾತಿಗೆ ಬರೋಣ. ಮನೆಯೊಳಗೇ ಇರಿ, ಬಾಗಿಲು ಕಿಟಕಿ ಭದ್ರವಾಗಿ ಮುಚ್ಚಿ, ಹೊರಗಿನ ಹಾಲು ಸೊಪ್ಪು ಮುಟ್ಟಬೇಡಿ. ವಿಜ್ಞಾನ ಸರಿಯೇ ಇದೆ. ಗೋಡೆ ವಿಕಿರಣವನ್ನು ತಡೆಯುತ್ತದೆ, ಹಸು ಮೇದ ಹುಲ್ಲಿನಿಂದ ಅಯೋಡಿನ್ ಹಾಲಿಗಿಳಿದು ಮಗುವಿನ ಗಂಟಲ ಗ್ರಂಥಿ ಸೇರುತ್ತದೆ. ಆದರೆ ಈ ಮಾತು ಭದ್ರವಾಗಿ ಮುಚ್ಚುವ ಬಾಗಿಲಿದ್ದವರಿಗೆ ಹೇಳಿದ್ದು. ಸೋಗೆ ಮನೆಯವನು, ಕಾಡಿನ ಅಂಚಿನ ಗದ್ದೆಯಲ್ಲಿ ಕಳೆ ಕೀಳುತ್ತಿರುವ ಕುಣಬಿ ಹೆಣ್ಣುಮಗಳು ಏನು ಮುಚ್ಚಬೇಕು? ಡೇರಿಗೆ ಹಾಲು ಹಾಕದ ದಿನ ಅವಳ ಒಲೆ ಹೇಗೆ ಉರಿಯಬೇಕು? ಕೈಗಾದಿಂದ ಕಾರವಾರಕ್ಕೆ 50 ಕಿ.ಮೀ.ಗೂ ಹೆಚ್ಚು ಘಟ್ಟದ ದಾರಿ. 2019ರಲ್ಲಿ ಕದ್ರಾ ಅಣೆಕಟ್ಟಿನ ನೀರು ಬಿಟ್ಟಾಗ ಕಾಳಿ ದಂಡೆಯ ಊರುಗಳು ಮುಳುಗಿದವು. ಅಭ್ಯಾಸವನ್ನು ಆಷಾಢದ ಮಳೆಯಲ್ಲಿ, ನಡುರಾತ್ರಿ ಮಾಡಿ ನೋಡಲಿ ಎಂದು ನಾವು ಕೇಳುತ್ತೇವೆ. ಅಭ್ಯಾಸಕ್ಕೆ ಬಂದ ಕೂಲಿಯವರಿಗೆ ಆ ದಿನದ ಕೂಲಿಯನ್ನೂ ಕೊಡಲಿ.

ಓಡಿ ತಲುಪಿದ ಮೇಲೆ? ಶಿಬಿರ ಅಂದರೆ ಶಾಲೆ, ಛತ್ರ. 2004ರ ಸುನಾಮಿಯಲ್ಲಿ ನಾಗಪಟ್ಟಿಣದ ಕಡೆ ದಲಿತರನ್ನು ಪರಿಹಾರ ಶಿಬಿರಗಳಿಂದ ದೂರ ಇಟ್ಟದ್ದು, ನೀರಿನ ತೊಟ್ಟಿ ಮುಟ್ಟಗೊಡದೆ ಹೋದದ್ದು ದಾಖಲಾಗಿದೆ. ಸಮುದ್ರ ಜಾತಿ ನೋಡದೆ ನುಂಗಿತ್ತು, ದಡಕ್ಕೆ ಬಂದ ಮೇಲೆ ಜಾತಿ ಎದ್ದು ಕೂತಿತು. ನಾವು ಓದಿದ ನಿಯಮಗಳಲ್ಲಿ ಎಷ್ಟು ಜನ, ಎಷ್ಟು ವಾಹನ ಎಂಬ ಲೆಕ್ಕವಿದೆ. ಕೇರಿಯವರಿಗೆ ಆ ಛತ್ರದ ಬಾಗಿಲು ತೆರೆಯುವುದೇ ಎಂದು ಪರೀಕ್ಷಿಸುವ ಕಾಲಂ ಇಲ್ಲ. ಹಿಂದೆ ಊರಿಗೆಲ್ಲ ಡಂಗುರ ಸಾರುತ್ತಿದ್ದವನು ನಮ್ಮ ಕೇರಿಯವನೇ. ಈಗ ಜೀಪಿನ ಮೈಕು ಊರ ಬಾಗಿಲ ತನಕ ಬಂದು ತಿರುಗಿ ಹೋದರೆ, ಸುದ್ದಿ ಕೊನೆಗೆ ಮುಟ್ಟುವುದು ಕೇರಿಗೆ.

ದೇವನಗೊಂದಿಯಂಥ ದಾಸ್ತಾನುಗಳಿಗೆ ಅನ್ವಯಿಸುವುದು ಭೋಪಾಲಿನ ನಂತರ ಬಂದ 1989 ಮತ್ತು 1996ರ ರಾಸಾಯನಿಕ ನಿಯಮಗಳು. ಆವರಣದೊಳಗೆ ಆರು ತಿಂಗಳಿಗೊಮ್ಮೆ, ಹೊರಗೆ ವರ್ಷಕ್ಕೊಮ್ಮೆಯಾದರೂ ಅಭ್ಯಾಸ ಆಗಲೇಬೇಕು. ಸ್ಥಳೀಯ ಸಮಿತಿಯಲ್ಲಿ ಅಧಿಕಾರಿಗಳ ಜೊತೆ ಊರಿನ ಮುಖಂಡರು, ಇಬ್ಬರು ಸಮಾಜ ಸೇವಕರು ಇರಬೇಕು, ಅದು ಪ್ರತಿ ತಿಂಗಳು ಸೇರಬೇಕು, ಜನ ಕೇಳಿದರೆ ಮಾಹಿತಿ ಕೊಡಬೇಕು. ನಮ್ಮ ಹೋಬಳಿಯ ಆ ಇಬ್ಬರು ಯಾರು, ಯಾವ ಕೇರಿಯವರು, ಕಳೆದ ಅಭ್ಯಾಸದಲ್ಲಿ ಕಂಡ ಕೊರತೆಗಳೇನು? ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ಹೊಸಕೋಟೆಯ ವಿದ್ಯಾರ್ಥಿ ಗೆಳೆಯರು ಇಲ್ಲಿಂದ, ಕಾರವಾರದ ಗೆಳೆಯರು ಅಲ್ಲಿಂದ ಬರೆದು ಕೇಳಲಿ. ಬಂದ ಉತ್ತರಗಳನ್ನು, ಉತ್ತರ ಬಾರದಿದ್ದರೆ ಅರ್ಜಿ ಹಾಕಿದ ತಾರೀಖುಗಳನ್ನು, ನಮಗೆ ಕಳಿಸಿಕೊಡಿ, ಅಚ್ಚು ಹಾಕುತ್ತೇವೆ.