ಪಿಚರನ ಪರಿಪಾಕ

ಬೇಸ್‌ಬಾಲ್ ಆಟದಲ್ಲಿ ಚೆಂಡೆಸೆಯುವ ಪಿಚರನ ವೇಗವನ್ನು ಕಣ್ಣುಳ್ಳವರೆಲ್ಲ ಕಾಣಬಲ್ಲರು. ಆ ವೇಗವು ಅವನಿಗೆ ವಶವರ್ತಿಯಾಗಿದೆಯೋ ಇಲ್ಲವೋ ಎಂಬುದನ್ನು ಅರಿಯಲು ಮಾತ್ರ ಕಾಲಾವಕಾಶವು ಬೇಕು. ಅಮೆರಿಕದ ಮೈನರ್ ಲೀಗುಗಳಲ್ಲಿ ಪಳಗುತ್ತಿರುವ ತರುಣನನ್ನು ಮೇಜರ್ ಲೀಗಿಗೆ ಏರಿಸಲು ತಕ್ಕ ಮುಹೂರ್ತ ಯಾವುದೆಂಬ ಪ್ರಶ್ನೆಗೆ ಒಂದು ಶತಮಾನದಿಂದ ದೊರೆತಿರುವ ಉತ್ತರಗಳನ್ನು ಪರಿಶೀಲಿಸಿದರೆ, ಅವುಗಳಲ್ಲಿ ಅನೇಕವು ತರುಣನ ತೋಳಿಗಿಂತ ಮಾಲೀಕನ ಲೆಕ್ಕದ ಪುಸ್ತಕವನ್ನೇ ಹೆಚ್ಚಾಗಿ ಅವಲಂಬಿಸಿದ್ದವೆಂಬುದು ವ್ಯಕ್ತವಾಗುತ್ತದೆ.

ಈ ಪರೀಕ್ಷೆಗೆ ಕ್ರಮಬದ್ಧವಾದ ಸೋಪಾನವನ್ನು ಕಟ್ಟಿದಾತನು ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಬ್ರಾಂಚ್ ರಿಕಿ. ನುರಿತ ಆಟಗಾರರನ್ನು ದುಬಾರಿ ಬೆಲೆ ತೆತ್ತು ಕೊಳ್ಳುವ ಶಕ್ತಿಯು ತನ್ನ ತಂಡಕ್ಕಿಲ್ಲದ ಕಾರಣ, ಆತನು 1920ರ ದಶಕದಲ್ಲಿ ಚಿಕ್ಕ ತಂಡಗಳ ಒಡೆತನವನ್ನು ಸಂಪಾದಿಸಿ, ಎಳೆಯರನ್ನು ಅಗ್ಗವಾಗಿ ಸೇರಿಸಿಕೊಂಡು, ದರ್ಜೆಯಿಂದ ದರ್ಜೆಗೆ ಏರಿಸುವ ‘ಫಾರ್ಮ್’ ಪದ್ಧತಿಯನ್ನು ಬೆಳೆಸಿದನು. ಈ ಪದ್ಧತಿಯಲ್ಲಿ ಪಳಗಿದ ಪಿಚರ್ ಡಿಜಿ ಡೀನನು 1930ರಲ್ಲಿ ಕೆಳಗಿನ ಎರಡು ತಂಡಗಳ ಪರವಾಗಿ 25 ಪಂದ್ಯಗಳನ್ನು ಗೆದ್ದು, ಋತುವಿನ ಕೊನೆಯ ದಿನ ಮೇಜರ್ ಲೀಗಿನ ಪಿಟ್ಸ್‌ಬರ್ಗ್ ತಂಡವನ್ನು ಮೂರೇ ಹಿಟ್‌ಗಳಿಗೆ ಕಟ್ಟಿಹಾಕಿದರೂ, ಅವನ ಉದ್ಧಟವರ್ತನೆಯಿಂದಲೂ ಮೇಲೆ ಸ್ಥಳವಿಲ್ಲದ್ದರಿಂದಲೂ ಮರುವರ್ಷವೆಲ್ಲ ಹೂಸ್ಟನ್ನಿನಲ್ಲಿಯೇ ಕಳೆಯಬೇಕಾಯಿತು. ಅಲ್ಲಿ 26 ಗೆಲವುಗಳನ್ನು ಗಳಿಸಿ 1932ರಲ್ಲಿ ಮೇಲೇರಿದ ಅವನೇ 1934ರಲ್ಲಿ 30 ಪಂದ್ಯಗಳ ವಿಜೇತನಾದನು.

ಸೋಪಾನದಲ್ಲಿಯೇ ಉಳಿದುಹೋದವರೂ ಉಂಟು. ಬಾಲ್ಟಿಮೋರ್ ಓರಿಯೋಲ್ಸ್ ಸಂಸ್ಥೆಯ ಸ್ಟೀವ್ ಡಾಲ್ಕೋವ್‌ಸ್ಕಿಯು 1960ರಲ್ಲಿ ಸ್ಟಾಕ್‌ಟನ್ ತಂಡಕ್ಕಾಗಿ 170 ಇನ್ನಿಂಗ್ಸುಗಳಲ್ಲಿ 262 ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿದನು, ಅಂದರೆ ಎಸೆತಗಳಿಂದಲೇ ಔಟ್ ಮಾಡಿದನು. ಗುರಿತಪ್ಪಿದ ಎಸೆತಗಳಿಂದ ಮೊದಲ ಬೇಸನ್ನು ಪುಕ್ಕಟೆಯಾಗಿ ಒಪ್ಪಿಸಿದ್ದೂ 262 ಸಲವೇ. 1963ರ ವಸಂತದಲ್ಲಿ, ಗುರಿಯು ಕೊಂಚ ಹಿಡಿತಕ್ಕೆ ಬಂದಿದ್ದಾಗಲೇ, ಮೊಣಕೈಗೆ ಪೆಟ್ಟಾಗಿ, ಆ ಅಸಾಧಾರಣ ವೇಗವು ಮೇಜರ್ ಲೀಗನ್ನು ಕಾಣದೆ ಹೋಯಿತು.

ಇದಕ್ಕೆ ವಿರುದ್ಧವಾಗಿ, 4,000 ಡಾಲರಿಗೆ ಮೀರಿದ ಬೋನಸ್ ಪಡೆದ ಹೊಸಬನನ್ನು ಎರಡು ವರ್ಷ ಮೇಜರ್ ಲೀಗ್ ತಂಡದಲ್ಲಿಯೇ ಇರಿಸಿಕೊಳ್ಳಬೇಕೆಂಬ 1950ರ ದಶಕದ ನಿಯಮದಿಂದ, ಬ್ರೂಕ್ಲಿನ್ ಡಾಡ್ಜರ್ಸ್ ತಂಡವನ್ನು ಸೇರಿದ ಸ್ಯಾಂಡಿ ಕೂಫ್ಯಾಕ್ಸನು ಮೈನರ್ ಲೀಗನ್ನು ಮೆಟ್ಟಲೇ ಇಲ್ಲ. 1955ರಲ್ಲಿ ಅವನಿಗೆ 42 ಇನ್ನಿಂಗ್ಸುಗಳೂ ದೊರೆಯಲಿಲ್ಲ. ಗುರಿಯು ಕೈವಶವಾಗಿ ಅವನು ಪ್ರಖ್ಯಾತನಾದದ್ದು 1961ರಿಂದೀಚೆಗೆ. ಪ್ರೇಕ್ಷಕರ ಅಭಾವದಿಂದ ಬಳಲುತ್ತಿದ್ದ ಟೆಕ್ಸಾಸ್ ರೇಂಜರ್ಸ್ ತಂಡವಾದರೋ 18 ವರ್ಷ ವಯಸ್ಸಿನ ಡೇವಿಡ್ ಕ್ಲೈಡನನ್ನು, ಪ್ರೌಢಶಾಲೆ ಮುಗಿದ ಕೆಲವೇ ವಾರಗಳಲ್ಲಿ, 1973ರ ಜೂನ್ 27ರಂದು ಮೈದಾನಕ್ಕಿಳಿಸಿತು. 35,000ಕ್ಕೂ ಮಿಕ್ಕಿದ ಜನ ನೆರೆದರು, ಹುಡುಗನು ಗೆದ್ದನು, ಆ ಗೆಲವೇ ಅವನಿಗೆ ಮುಳುವಾಗಿ, ಕೆಳಗೆ ಕಳುಹಿಸುವ ಯೋಚನೆಯು ಹಿಂದೆ ಬಿದ್ದು, ಆ ಋತುವಿನಲ್ಲಿಯೇ 18 ಪಂದ್ಯಗಳನ್ನು ಅವನಿಂದ ಆರಂಭಿಸಲಾಯಿತು. ಆರು ವರ್ಷಗಳಲ್ಲಿ 18 ಗೆಲವು, 33 ಸೋಲುಗಳೊಡನೆ ಅವನ ಮೇಜರ್ ಲೀಗಿನ ಬಾಳು ಮುಗಿಯಿತು. ಅಕಾಲದಲ್ಲಿ ಏರಿದವರು ಇಬ್ಬರೂ ಹೌದು. ಆದರೆ ಕೂಫ್ಯಾಕ್ಸನಿಗೆ ಕಾಯಲು ಬೆಂಚಾದರೂ ಇತ್ತು.

ಆಟಗಾರನು ಆರು ವರ್ಷಗಳ ಸೇವೆಯ ಬಳಿಕ ಸ್ವತಂತ್ರನಾಗಬಹುದೆಂಬ 1976ರ ಒಪ್ಪಂದವಾದ ಮೇಲೆ ಲೆಕ್ಕದ ಪುಸ್ತಕವು ತಿರುವುಮುರುವಾಯಿತು: ಕೆಲವು ವಾರ ಕೆಳಗೆ ತಡೆದರೆ ಇನ್ನೊಂದು ವರ್ಷದ ಹಿಡಿತವು ಲಾಭವಾಗುವುದರಿಂದ, ಹಿಂದೆ ಅವಸರಪಡಿಸಿದ ದ್ರವ್ಯಾಪೇಕ್ಷೆಯೇ ಈಗ ವಿಳಂಬಕ್ಕೆ ಕಾರಣವಾಯಿತು. ಹೊಸಬರ ಪ್ರಶಸ್ತಿಯ ಮತಗಣನೆಯಲ್ಲಿ ಮೊದಲಿಬ್ಬರಾದವರಿಗೆ ಪೂರ್ಣ ವರ್ಷದ ಸೇವೆಯನ್ನು ಸಲ್ಲಿಸುವ 2022ರ ನಿಯಮದಿಂದ, 2024ರ ಮೇ 11ರಂದು ಪಿಟ್ಸ್‌ಬರ್ಗಿಗಾಗಿ ಮೊದಲು ಆಡಿ ಆ ಪ್ರಶಸ್ತಿಯನ್ನು ಪಡೆದ ಪಾಲ್ ಸ್ಕೀನ್ಸನಿಗೆ ಆ ವರ್ಷವು ನಷ್ಟವಾಗಲಿಲ್ಲ. ನಿಯಮವು ಹೀಗೆ ಲೋಭಕ್ಕೆ ಕಡಿವಾಣ ಹಾಕಬಲ್ಲದು. ಪರಿಪಾಕದ ನಿರ್ಣಯವಾದರೋ, ಹುಡುಗನ ಎಸೆತವನ್ನು ದಿನದಿನವೂ ನೋಡುವ ಮೈನರ್ ಲೀಗಿನ ತರಬೇತುದಾರನ ಮಾತಿಗೆ ಮೇಲಿನವರು ಎಷ್ಟು ಕಿವಿಗೊಡುವರೆಂಬುದನ್ನೇ ಅವಲಂಬಿಸಿದೆ.